ಸ್ವಿಟ್ಜರ್ಲೆಂಡಿನ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೇ ಸುತ್ತುವುದು ಹೇಗೆ

ಮೊದಲು ಯಾವ ತಿಂಗಳು ಅಂತ ಗೊತ್ತು ಮಾಡಿಕೊಳ್ಳಿ. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಆಗ ಅಲ್ಲಿ ಬೆಟ್ಟದ ಕಾಲುದಾರಿಗಳ ಮೇಲೆ ಇನ್ನೂ ಹಿಮ ಇರುತ್ತದೆ. ಎಷ್ಟೋ ಕೇಬಲ್ ಕಾರುಗಳನ್ನು ರಿಪೇರಿಗೆ ನಿಲ್ಲಿಸಿರುತ್ತಾರೆ. ಅವರ ಬೇಸಿಗೆ ಕಳೆಗಟ್ಟುವುದು ಜೂನ್ ನಡುವಿನ ಮೇಲೆ, ಅಂದರೆ ನಮ್ಮ ತೀರ್ಥಹಳ್ಳಿಯಲ್ಲಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಷ್ಟು ವರ್ಷ ಜೂನ್‌ನಲ್ಲಿ ಊರು ಬಿಡುವ ಮಾತೇ ಇರಲಿಲ್ಲ. ನಿವೃತ್ತಿಯಾದ ಮೇಲೆ ನಾನೂ ನಮ್ಮನೆಯವರೂ ಹೊರಟೆವು. ಟೂರ್ ಕಂಪನಿ ಇಲ್ಲ, ಮಕ್ಕಳು ಜೊತೆಗಿಲ್ಲ, ಇಬ್ಬರೇ. ಅರವತ್ತರ ಆಸುಪಾಸಿನ ದಂಪತಿಗೆ ಖಂಡಿತ ಮಾಡಬಹುದಾದ ಪ್ರವಾಸ ಇದು.

ವೀಸಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೇಕಾಗುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಕಡಿಮೆಯೆಂದರೆ 30,000 ಯೂರೋ ಆಸ್ಪತ್ರೆ ಖರ್ಚು ಕೊಡುವ ಇನ್ಶೂರೆನ್ಸ್ ಕಡ್ಡಾಯ. ಜೂನ್‌ಗೆ ಹೋಗುವವರು ಮಾರ್ಚ್ ಒಳಗೆ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಈಗ ಮುಖ್ಯವಾದ ಮಾತು. ಒಂದೇ ಊರಲ್ಲಿ ಉಳಿಯಿರಿ. ದಿನಕ್ಕೊಂದು ಹೋಟೆಲ್ ಅಂದರೆ ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟಬೇಕು. ಗಂಡ ಹೆಂಡಿರ ಜಗಳದಲ್ಲಿ ಅರ್ಧ ಹುಟ್ಟುವುದೇ ಅಲ್ಲಿ. ನಾವು ಲೌಟರ್‌ಬ್ರುನೆನ್ ಕಣಿವೆಯ ಮೇಲಿರುವ ಮ್ಯೂರೆನ್‌ನಲ್ಲಿ ಅಡುಗೆಮನೆ ಇರುವ ಒಂದು ಪುಟ್ಟ ಮನೆ ಹಿಡಿದೆವು. ಊರು 1,638 ಮೀಟರ್ ಎತ್ತರದಲ್ಲಿದೆ. ಕಾರುಗಳಿಗೆ ಪ್ರವೇಶವಿಲ್ಲ. ಕಿಟಕಿ ತೆರೆದರೆ ಎದುರಿಗೇ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳು. ಕೆಳಗೆ ಹುಲ್ಲುಗಾವಲಿನಿಂದ ಹಸುಗಳ ಗಂಟೆ ಸದ್ದು. ಅಲ್ಲಿಂದ ಎಲ್ಲಿಗೆ ಬೇಕಾದರೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು.

ಎರಡನೆಯದು, ಪಾಳಿ. ಒಂದು ದಿನ ಅವರು ಹೇಳಿದ್ದು, ಮರುದಿನ ನಾನು ಹೇಳಿದ್ದು. ಪಾಳಿಯವರು "ನಡಿ" ಅಂದರೆ ಇನ್ನೊಬ್ಬರು ನಡೆಯಬೇಕು, ಗೊಣಗಬಾರದು. ನಮ್ಮನೆಯವರಿಗೆ ರೈಲು, ಕಡಿದಾದ ಬೆಟ್ಟ ಹತ್ತಲು ಹಲ್ಲು ಇರುವ ಹಳಿ, ಸುರಂಗ, ಗಡಿಯಾರ ಇಂಥವೇ ಇಷ್ಟ. ನನಗೆ ನಡೆಯಬೇಕು, ಜಲಪಾತದ ಹತ್ತಿರ ಕೂರಬೇಕು. ಪಾಳಿ ಇದ್ದದ್ದರಿಂದ ಇಬ್ಬರಿಗೂ ಬೇಕಾದ್ದು ಸಿಕ್ಕಿತು. ಸ್ಟೇಷನ್‌ನಲ್ಲಿ ಅವರು ಒಂದು ಗಂಟೆ ರೈಲು ನೋಡುತ್ತಾ ನಿಂತರೆ ನಾನು ಬೆಂಚಿನ ಮೇಲೆ ಕೂತು ಹೋಗಿ ಬರುವವರನ್ನು ನೋಡಿದೆ. ಅದೂ ಚೆನ್ನಾಗಿಯೇ ಇತ್ತು.

ಟಿಕೆಟ್‌ಗೆ ಎರಡು ದಾರಿ. ದಿನಾ ಊರಿಂದೂರಿಗೆ ತಿರುಗುವವರಿಗೆ ಸ್ವಿಸ್ ಟ್ರಾವೆಲ್ ಪಾಸ್. ಅದು 3, 4, 6, 8 ಅಥವಾ 15 ದಿನಕ್ಕೆ ಸಿಗುತ್ತದೆ. ರೈಲು, ಬಸ್ಸು, ಸರೋವರದ ದೋಣಿ, ಪಟ್ಟಣದ ಟ್ರಾಮ್ ಎಲ್ಲ ಅದರಲ್ಲೇ ಬರುತ್ತವೆ. ಒಂದೇ ಕಡೆ ಇದ್ದು ನಿಧಾನವಾಗಿ ಓಡಾಡುವವರು ಅರ್ಧ ದರದ ಕಾರ್ಡನ್ನೂ ಲೆಕ್ಕ ಹಾಕಿ ನೋಡಬೇಕು. ಎರಡಕ್ಕೂ ಕಾಗದ ಪೆನ್ನು ಹಿಡಿದು ಊರಲ್ಲೇ ಕೂಡಿ ಕಳೆದು ಹೋಲಿಸಿ. ರೈಲು ಬದಲಿಸಲು ಐದಾರು ನಿಮಿಷವೇ ಇದ್ದರೂ ಗಾಬರಿ ಬೇಡ. ಸ್ವಿಸ್ ರೈಲ್ವೆಯ ಆ್ಯಪ್‌ನಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಮೊದಲೇ ಇರುತ್ತದೆ. ಒಂದು ತಪ್ಪಿದರೂ ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇನ್ನೊಂದು ಬರುತ್ತದೆ.

ಯುಂಗ್‌ಫ್ರೌಯೋಖ್‌ಗೆ ಹೋಗುವುದು ಅವರ ಪಾಳಿಯ ದೊಡ್ಡ ದಿನ. 3,454 ಮೀಟರ್ ಎತ್ತರದ ಆ ಸ್ಟೇಷನ್ ಯುರೋಪಿನಲ್ಲೇ ಎತ್ತರದ್ದು. ಐಗರ್ ಪರ್ವತದ ಒಳಗೆ ಸುರಂಗ ಕೊರೆದು 1912ರಲ್ಲಿ ರೈಲು ಅಲ್ಲಿಗೆ ಮುಟ್ಟಿಸಿದರು. ಟ್ರಾವೆಲ್ ಪಾಸ್ ಇದ್ದರೂ ಇದಕ್ಕೆ ಬೇರೆ ದುಡ್ಡು ಕೊಡಬೇಕು, ಅದೂ ಜಾಸ್ತಿಯೇ. ಹಾಗಾಗಿ ಟಿಕೆಟ್ ತೆಗೆಯುವ ಮೊದಲು ಬೆಳಿಗ್ಗೆ ಎದ್ದು ಶಿಖರದ ಲೈವ್ ಕ್ಯಾಮೆರಾ ನೋಡಿ. ಮೋಡ ಕವಿದಿದ್ದರೆ ನಾಳೆಗೆ ಬಿಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಬೆಳಗಿನ ಹೊತ್ತೇ ಒಳ್ಳೆಯದು. ಜುಲೈಯಲ್ಲೂ ಅಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಮಂಕಿ ಕ್ಯಾಪ್, ಸ್ವೆಟರ್, ಕೂಲಿಂಗ್ ಗ್ಲಾಸ್ ಮೂರೂ ಬೇಕು. ಗಾಳಿ ತೆಳುವಾಗಿರುವುದರಿಂದ ಮೆಲ್ಲಗೆ ನಡೆಯಿರಿ. ಬಿಪಿ, ಹೃದಯದ ತೊಂದರೆ ಇದ್ದವರು ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ.

ನನ್ನ ಪಾಳಿಯಲ್ಲಿ ಆರಿಸಿದ್ದು ಕಾಲುದಾರಿ. ಲೌಟರ್‌ಬ್ರುನೆನ್‌ನಿಂದ ಕೇಬಲ್ ಕಾರಿನಲ್ಲಿ ಗ್ರುಟ್ಷಾಲ್ಪ್‌ಗೆ ಹತ್ತಿ, ಅಲ್ಲಿಂದ ಪುಟ್ಟ ರೈಲಿನ ಹಳಿ ಪಕ್ಕದಲ್ಲೇ ಮ್ಯೂರೆನ್‌ವರೆಗೆ ನಡೆಯುವುದು. ಏರು ಬಹಳ ಕಡಿಮೆ. ಹಳದಿ ಫಲಕಗಳ ಮೇಲೆ ನಡೆಯಲು ಎಷ್ಟು ಹೊತ್ತು ಬೇಕು ಅಂತಲೇ ಬರೆದಿರುತ್ತಾರೆ. ಅದು ಅವರ ನಡಿಗೆಯ ಲೆಕ್ಕ, ನಾವು ಅರ್ಧ ಗಂಟೆ ಸೇರಿಸಿಕೊಳ್ಳಬೇಕು. ಮಧ್ಯದಲ್ಲಿ ವಿಂಟೆರೆಗ್ ಎಂಬ ಸ್ಟೇಷನ್ ಇದೆ. ಒಬ್ಬರಿಗೆ ಮಂಡಿ ನೋವು ಬಂದರೆ ಅವರು ಅಲ್ಲೇ ರೈಲು ಹತ್ತಬಹುದು, ಇನ್ನೊಬ್ಬರು ನಡೆದು ಬರಬಹುದು. ದಂಪತಿಗೆ ಇಂಥ ದಾರಿಯೇ ಬೇಕು, ಅಲ್ವಾ? ಇನ್ನೊಂದು ದಿನ ಕಣಿವೆಗಿಳಿದು ಜಲಪಾತ ನೋಡಿ. ಷ್ಟೌಬಾಖ್ ಸುಮಾರು 300 ಮೀಟರ್, ನಮ್ಮ ಜೋಗಕ್ಕಿಂತ ಎತ್ತರ. ಆದರೆ ನೀರು ತೆಳು, ಗಾಳಿಗೆ ಹೊಗೆಯಂತೆ ಹಾರಿಹೋಗುತ್ತದೆ. ಅಬ್ಬರ ಬೇಕಾದವರು ಟ್ರುಮ್ಮೆಲ್‌ಬಾಖ್‌ಗೆ ಹೋಗಬೇಕು. ಹಿಮನದಿಗಳ ನೀರು ಬೆಟ್ಟದ ಹೊಟ್ಟೆಯೊಳಗೇ ಸೆಕೆಂಡಿಗೆ 20,000 ಲೀಟರ್‌ವರೆಗೆ ಧುಮುಕುತ್ತದೆ. "ಏನೇ, ಕೇಳಿಸ್ತಾ?" ಅಂತ ಇವರು ಕಿರುಚುತ್ತಿದ್ದರು. "ಇಲ್ಲ ರೀ" ಅಂತ ನಾನೂ ಕಿರುಚುತ್ತಿದ್ದೆ. ಇಬ್ಬರೂ ನಕ್ಕು ನಕ್ಕು ನೆನೆದುಹೋದೆವು. ಒಂದು ರೇನ್‌ಕೋಟ್ ಇರಲಿ.

ಊಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಹಾಗಾಗಿ ತುಪ್ಪ, ಪೇಡ ಮನೆಯಲ್ಲೇ ಬಿಡಿ. ಹಸಿ ಕರಿಬೇವು, ಹಸಿಮೆಣಸು, ಮಾವಿನಹಣ್ಣೂ ಬೇಡ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ಒಗ್ಗರಣೆಗೆ ಸಾಸಿವೆ ಇಂಗು ತೆಗೆದುಕೊಳ್ಳಿ. ಉಪ್ಪಿನಕಾಯಿ ಗಟ್ಟಿಯಾಗಿ ಮುಚ್ಚಿ ಚೆಕ್ ಇನ್ ಬ್ಯಾಗಿಗೆ ಹಾಕಿ. ಅಕ್ಕಿ, ಮೊಸರು, ತರಕಾರಿ ಅಲ್ಲೇ ಕೋಪ್ ಅಥವಾ ಮಿಗ್ರೋ ಅಂಗಡಿಯಲ್ಲಿ ಸಿಗುತ್ತವೆ. ಮೊಸರಿನ ಡಬ್ಬಿಯ ಮೇಲೆ 'ನಾಟೂರ್' ಅಂತ ಇರುವುದನ್ನೇ ಆರಿಸಿ, ಉಳಿದವು ಸಿಹಿ. ಎತ್ತರದಲ್ಲಿ ನೀರು ಬೇಗ ಕುದಿದರೂ ಶಾಖ ಕಡಿಮೆ, ಅನ್ನ ಬೇಯಲು ಜಾಸ್ತಿ ಹೊತ್ತು ಬೇಕು. ಬಾಲ್ಕನಿಯಲ್ಲಿ ಕೂತು, ಯುಂಗ್‌ಫ್ರೌ ಕೆಂಪಾಗುವುದನ್ನು ನೋಡುತ್ತಾ ತಿಂದ ಮೊಸರನ್ನದಷ್ಟು ರುಚಿ ನನಗೆ ಯಾವ ಹೋಟೆಲಿನಲ್ಲೂ ಸಿಗಲಿಲ್ಲ.

ಹೊರಗೆ ತಿನ್ನುವಾಗ ಆಲೂಗಡ್ಡೆಯ ರೋಸ್ಟಿ ಕೇಳಿ. 'ಷ್ಪೆಕ್' ಅಂತ ಬರೆದಿದ್ದರೆ ಹಂದಿಮಾಂಸ ಇದೆ ಅಂತ ಅರ್ಥ. ಕಟ್ಟಾ ಸಸ್ಯಾಹಾರಿಗಳು ಒಂದು ಮಾತು ನೆನಪಿಟ್ಟುಕೊಳ್ಳಿ. ಗ್ರುಯೇರ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ.

ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ, ಭಾನುವಾರ ಹೆಚ್ಚಿನವು ತೆರೆಯುವುದೇ ಇಲ್ಲ. ಶನಿವಾರವೇ ಸಾಮಾನು ತಂದಿಡಿ. ನೀರಿಗೆ ದುಡ್ಡು ಕೊಡಬೇಡಿ, ನಲ್ಲಿಯ ನೀರು ಕುಡಿಯಬಹುದು. ಬೀದಿಯ ಕಾರಂಜಿಗಳಲ್ಲೂ, ಕುಡಿಯಬಾರದು ಅನ್ನುವ ಫಲಕ ಇಲ್ಲದಿದ್ದರೆ, ಬಾಟಲಿ ತುಂಬಿಸಿಕೊಳ್ಳಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ. ಆಗ ಊರಲ್ಲಿ ಒಂದು ಗಂಟೆ ರಾತ್ರಿ, ಮಕ್ಕಳಿಗೆ ಫೋನ್ ಮಾಡುವುದಿದ್ದರೆ ಮಧ್ಯಾಹ್ನವೇ ಮಾಡಿ. ಹತ್ತರ ಮೇಲೆ ಗಟ್ಟಿಯಾಗಿ ಮಾತಾಡಬಾರದು, ಪಕ್ಕದ ಮನೆಯವರು ಮಲಗಿರುತ್ತಾರೆ.

ಒಂದು ದಿನ ಬರ್ನ್‌ಗೆ ಹೋಗಿ ಬನ್ನಿ. ಊರನ್ನು ಆರೆ ನದಿ ಬಳಸಿ ಹರಿಯುತ್ತದೆ. ಬೇಸಿಗೆಯಲ್ಲಿ ಜನ ಮೇಲ್ಗಡೆಗೆ ನಡೆದು ಹೋಗಿ ನೀರಿಗಿಳಿದು, ಹರಿವಿನಲ್ಲಿ ತೇಲಿಕೊಂಡು ಮಾರ್ಟ್ಸಿಲಿ ಎಂಬ ನದಿ ದಡದ ಈಜುತಾಣಕ್ಕೆ ಬರುತ್ತಾರೆ. ನಮ್ಮನೆಯವರು ತುಂಗೆಯಲ್ಲಿ ಈಜಿ ಬೆಳೆದವರು, ಬಿಡುತ್ತಾರೆಯೇ? ಅಲ್ಲಿಯವರ ಗುಂಪಿನ ಜೊತೆ ಇಳಿದರು. ನಾನು ಬಟ್ಟೆ, ಕನ್ನಡಕ, ಪಾಸ್‌ಪೋರ್ಟ್ ಹಿಡಿದು ದಡದಲ್ಲಿ ಬಿರುಬಿರನೆ ನಡೆದರೂ ಅವರೇ ಮುಂದೆ. "ನಿಧಾನ ರೀ!" ಅಂತ ಕೂಗಿದರೆ ಕೈ ಬೀಸುತ್ತಾ ಹೋಗಿಯೇಬಿಟ್ಟರು. ಇದು ಚೆನ್ನಾಗಿ ಈಜು ಬಲ್ಲವರಿಗೆ ಮಾತ್ರ. ನೀರು ಬಹಳ ತಣ್ಣಗೆ, ಸೆಳೆತ ಜೋರು. ಒಬ್ಬರೇ ಇಳಿಯಬಾರದು. ಹತ್ತಿ ಬರಲು ದಡದಲ್ಲಿ ಕೆಂಪು ಹಿಡಿಕೆಗಳಿವೆ, ಮಾರ್ಟ್ಸಿಲಿಯ ಕೊನೆಯ ಹಿಡಿಕೆಗೆ ಕಾಯದೆ ಮೊದಲೇ ಹತ್ತಬೇಕು. ಅದರ ಕೆಳಗೆ ಅಣೆಕಟ್ಟು ಇದೆ.

ವಾಪಸ್ ಬರುವ ಹಿಂದಿನ ದಿನ ಜ್ಯೂರಿಕ್‌ನಲ್ಲಿ ಉಳಿಯಿರಿ. ಅಲ್ಲಿಯ ಹಿಲ್ಟ್ಲ್ 1898ರಲ್ಲಿ ಶುರುವಾದ ಸಸ್ಯಾಹಾರಿ ಹೋಟೆಲು. 1950ರ ದಶಕದಲ್ಲಿ ಆ ಮನೆತನದ ಹೆಂಗಸೊಬ್ಬರು ಭಾರತ ನೋಡಿ ಹೋದ ಮೇಲೆ ನಮ್ಮ ಕಡೆಯ ಅಡುಗೆಯೂ ಅಲ್ಲಿ ಸೇರಿತು. ಬಫೆಯಲ್ಲಿ ತಟ್ಟೆಯನ್ನು ತೂಗಿ ದುಡ್ಡು ತೆಗೆದುಕೊಳ್ಳುತ್ತಾರೆ. ಆದ್ದರಿಂದ ಅನ್ನ, ಆಲೂಗಡ್ಡೆಯಂಥ ಭಾರದ್ದು ಸ್ವಲ್ಪ ಬಡಿಸಿಕೊಂಡು, ಬಗೆಬಗೆಯ ಪಲ್ಯ ಒಂದೊಂದು ಚಮಚ ಹಾಕಿಕೊಳ್ಳಿ. ಮರುದಿನ ಜ್ಯೂರಿಕ್ ಸ್ಟೇಷನ್‌ನಿಂದ ವಿಮಾನ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಟ್ಯಾಕ್ಸಿ ಬೇಕಾಗುವುದಿಲ್ಲ.