‘ರೆಡ್‌ಮನ್’ ಮಾದರಿಯಲ್ಲಿ ದೈತ್ಯಮೃಗಗಳ ಕಾಳಗವನ್ನು ಮೊಬೈಲಿನಲ್ಲಿ ಚಿತ್ರಿಸುವ ಬಗೆ

ಜಪಾನಿನ ತ್ಸುಬುರಾಯಾ ಪ್ರೊಡಕ್ಷನ್ಸ್ ಸಂಸ್ಥೆಯು 1972ರಲ್ಲಿ ನಿಪ್ಪಾನ್ ಟೆಲಿವಿಷನ್ ವಾಹಿನಿಯ ಮಕ್ಕಳ ಬೆಳಗಿನ ಕಾರ್ಯಕ್ರಮವೊಂದರ ನಡುವೆ ತೋರಿಸಲೆಂದು ‘ರೆಡ್‌ಮನ್’ ಎಂಬ ಕಿರುಸರಣಿಯನ್ನು ತಯಾರಿಸಿತು. ಅದರ 138 ಕಂತುಗಳಲ್ಲಿ ಕತೆಯೆಂಬುದು ಹೆಚ್ಚುಕಡಿಮೆ ಇಲ್ಲ. ಕೆಂಪು ಮೈಯ ವೀರನು ಬಯಲಿನಲ್ಲಿ ಮೃಗವನ್ನು ಕಂಡೊಡನೆ ‘ರೆಡ್ ಫೈಟ್’ ಎಂದು ಕೂಗಿ ಮೇಲೆ ಬೀಳುತ್ತಾನೆ, ಈಟಿಯಿಂದಲೋ ಚೂರಿಯಿಂದಲೋ ಅದನ್ನು ಮುಗಿಸುತ್ತಾನೆ, ಕೈ ಎತ್ತಿ ನಿಲ್ಲುತ್ತಾನೆ. ಇದೇ ಸಂಸ್ಥೆ 1966ರ ‘ಅಲ್ಟ್ರಾಮನ್’ ಎಂಬ ದೈತ್ಯವೀರನ ಸರಣಿಯಲ್ಲಿ ಒಡೆದು ಹಾಕಲೆಂದೇ ಪುಟ್ಟ ಪುಟ್ಟ ನಗರಗಳನ್ನು ಕಟ್ಟಿಸಿತ್ತು, ‘ರೆಡ್‌ಮನ್’ನ ಪಾಲಿಗೆ ಉಳಿದದ್ದು ಬಂಜರು ಬಯಲು ಮತ್ತು ಹಿಂದಿನ ಸರಣಿಗಳ ಎಲೆಕಿಂಗ್, ಗೊಮೋರಾ, ಬ್ಲ್ಯಾಕ್ ಕಿಂಗ್ ಮುಂತಾದ ಮೃಗಗಳ ವೇಷಗಳು ಮಾತ್ರ. ಮೊಬೈಲು, ಸ್ಪಂಜಿನ ವೇಷ ಮತ್ತು ಒಂದು ಖಾಲಿ ಜಾಗ ಮಾತ್ರ ಇರುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಸಂಸ್ಥೆಯೇ 2016ರಲ್ಲಿ ಈ ಕಂತುಗಳನ್ನು ಯೂಟ್ಯೂಬಿಗೆ ಏರಿಸಿತು. ಕೆಲಸಕ್ಕೆ ಇಳಿಯುವ ಮೊದಲು ನಾಲ್ಕೈದನ್ನಾದರೂ ನೋಡಬೇಕು, ಎರಡನೆಯ ಬಾರಿ ನೋಡುವಾಗ ಕಾಳಗವನ್ನು ಬಿಟ್ಟು ವೇಷಧಾರಿಗಳ ಕಾಲಬುಡವನ್ನಷ್ಟೇ ಗಮನಿಸಬೇಕು.

ಮೃಗದ ಗಾತ್ರ ಬಯಲಾಗುವುದು ಕಾಲಬುಡದಲ್ಲಿಯೇ. ನಾನು ಮೊದಲ ಬಾರಿ ಚಿತ್ರಿಸಿದ್ದು ಒಂದು ಖಾಲಿ ಸೈಟಿನಲ್ಲಿ. ವೇಷ ಚೆನ್ನಾಗಿಯೇ ಇತ್ತು, ಆದರೆ ಮೃಗದ ಮೊಣಕಾಲಿನವರೆಗೆ ಕಾಂಗ್ರೆಸ್ ಗಿಡ ಬೆಳೆದಿತ್ತು. ಮೃಗ ನಲವತ್ತು ಮೀಟರ್ ಎತ್ತರದ್ದೆಂದು ನಂಬಬೇಕಾದರೆ ಆ ಗಿಡವನ್ನು ಹತ್ತು ಮೀಟರ್ ಎಂದು ನಂಬಬೇಕು, ಅದನ್ನು ಯಾವ ಮಗುವೂ ನಂಬುವುದಿಲ್ಲ. ಆದ್ದರಿಂದ ಎಲೆ, ಹುಲ್ಲು, ಇಟ್ಟಿಗೆ ಚೂರು, ಚಪ್ಪಲಿಯ ಗುರುತು ಯಾವುದೂ ಇಲ್ಲದ ಬರಿಯ ಮಣ್ಣಿನ ಅಥವಾ ಮರಳಿನ ನೆಲವನ್ನು ಆರಿಸಿಕೊಳ್ಳಬೇಕು, ದೊಡ್ಡ ಹೆಂಟೆಗಳನ್ನು ಒಡೆದು ಮೇಲೆ ಜರಡಿ ಹಿಡಿದ ಮಣ್ಣನ್ನು ಚೆಲ್ಲಬೇಕು. ಮಣ್ಣು ನುಣುಪಾದಷ್ಟೂ ಹೆಜ್ಜೆಯಿಟ್ಟಾಗ ಏಳುವ ಧೂಳು ದೂರದ ಹೊಗೆಯಂತೆ ಕಾಣುತ್ತದೆ.

ಎರಡನೆಯದು ಕ್ಯಾಮೆರಾದ ಎತ್ತರ, ಇದಕ್ಕೆ ಸರಳವಾದ ಲೆಕ್ಕವಿದೆ. ವೇಷ ತೊಟ್ಟವನ ಎತ್ತರ ಎರಡು ಮೀಟರ್, ಮೃಗದ್ದು ಅಲ್ಟ್ರಾಮನ್‌ನಂತೆ 40 ಮೀಟರ್ ಎಂದಾದರೆ ಅನುಪಾತ ಇಪ್ಪತ್ತು. ನೆಲದ ಮೇಲೆ ನಿಂತು ನೋಡುವ ಮನುಷ್ಯನ ಕಣ್ಣು ಸುಮಾರು 1.7 ಮೀಟರ್ ಎತ್ತರದಲ್ಲಿರುತ್ತದೆ; ಅದನ್ನು ಇಪ್ಪತ್ತರಿಂದ ಭಾಗಿಸಿದರೆ ಎಂಟೂವರೆ ಸೆಂಟಿಮೀಟರ್ ಬರುತ್ತದೆ. ಅಂದರೆ ಲೆನ್ಸು ನೆಲದಿಂದ ಒಂದು ಗೇಣಿಗಿಂತಲೂ ಕೆಳಗಿರಬೇಕು. ಮೊಬೈಲನ್ನು ತಲೆಕೆಳಗಾಗಿ ಹಿಡಿದು ಮಣ್ಣಿಗೆ ತಾಗಿಸಿ ನಿಲ್ಲಿಸಿದರೆ ಲೆನ್ಸು ತಾನಾಗಿ ಕೆಳಗೆ ಬರುತ್ತದೆ, ಬಾನಂಚು ಮೃಗದ ಪಾದದ ಬಳಿ ಹಾಯುತ್ತದೆ, ಮಿಕ್ಕ ಮೈಯೆಲ್ಲ ಆಕಾಶಕ್ಕೆ ಎದುರಾಗಿ ನಿಲ್ಲುತ್ತದೆ. ಹಿನ್ನೆಲೆಯನ್ನು ಮಸುಕುಗೊಳಿಸುವ ಪೋರ್ಟ್ರೇಟ್ ಮೋಡನ್ನು ಮಾತ್ರ ಬಳಸಬಾರದು. ಹಿನ್ನೆಲೆ ಮಸುಕಾದ ಕೂಡಲೇ ಕಣ್ಣಿಗೆ ಎದುರಿನ ವಸ್ತು ಚಿಕ್ಕದೆಂಬುದು ತಿಳಿದುಹೋಗುತ್ತದೆ.

ಇವೆರಡಕ್ಕಿಂತ ಮುಖ್ಯವಾದದ್ದು ವೇಗ. 1.8 ಮೀಟರ್ ಎತ್ತರದಿಂದ ಬಿದ್ದ ಕಲ್ಲು 0.6 ಸೆಕೆಂಡಿನಲ್ಲಿ ನೆಲ ಮುಟ್ಟಿದರೆ, ಅದರ ಇಪ್ಪತ್ತರಷ್ಟು ಎತ್ತರದಿಂದ ಬಿದ್ದದ್ದು ಸುಮಾರು 2.7 ಸೆಕೆಂಡು ತೆಗೆದುಕೊಳ್ಳುತ್ತದೆ. ಎತ್ತರ ಇಪ್ಪತ್ತು ಪಟ್ಟಾದರೂ ಕಾಲ ಅದರ ವರ್ಗಮೂಲದಷ್ಟು, ಅಂದರೆ ಸುಮಾರು ನಾಲ್ಕೂವರೆ ಪಟ್ಟು ಮಾತ್ರ ಹಿಗ್ಗುತ್ತದೆ. ಭಾರವಾದ ಮೃಗ ನಿಧಾನವಾಗಿ ಕುಸಿಯುವಂತೆ ತೋರಿಸಲು ಜಪಾನಿನ ತಂತ್ರಜ್ಞರು ಕ್ಯಾಮೆರಾದಲ್ಲಿ ಫಿಲ್ಮನ್ನು ಹೆಚ್ಚು ವೇಗದಲ್ಲಿ ಓಡಿಸಿ ಚಿತ್ರಿಸಿ, ತೋರಿಸುವಾಗ ಎಂದಿನ ವೇಗದಲ್ಲಿ ಓಡಿಸುತ್ತಿದ್ದುದು ಇದೇ ಕಾರಣಕ್ಕೆ. ಫಿಲ್ಮು ದುಬಾರಿಯಾಗಿದ್ದ ಕಾಲದಲ್ಲಿ ಅದು ಸಣ್ಣ ಖರ್ಚಲ್ಲ. ನಮಗೆ ಆ ಚಿಂತೆಯಿಲ್ಲ. ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಸೆಕೆಂಡಿಗೆ 120 ಫ್ರೇಮಿನಂತೆ ತೆಗೆದು 24ರಲ್ಲಿ ಓಡಿಸಿದರೆ ಐದು ಪಟ್ಟು ನಿಧಾನವಾಗುತ್ತದೆ, ನಮ್ಮ ಲೆಕ್ಕಕ್ಕೆ ಬಹುತೇಕ ಸರಿಹೊಂದುತ್ತದೆ. 240 ಫ್ರೇಮ್ ಸಿಗುತ್ತದೆಯೆಂದು ಆಸೆಪಡಬಾರದು, ಅದರಲ್ಲಿ ಮೃಗ ನೀರಿನೊಳಗೆ ತೇಲುವಂತೆ ಕಾಣುತ್ತದೆ. ಈ ವೇಗದಲ್ಲಿ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ ಬಹಳ ಕಡಿಮೆಯಾದ್ದರಿಂದ ಬಿಸಿಲಿನಲ್ಲಿಯೇ ಚಿತ್ರಿಸಬೇಕು. ಮನೆಯೊಳಗಿನ ಟ್ಯೂಬ್‌ಲೈಟುಗಳಲ್ಲಿ ಅನೇಕವು 50 ಹರ್ಟ್ಸ್ ವಿದ್ಯುತ್ತಿನಿಂದಾಗಿ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ, ಅದು 120 ಫ್ರೇಮಿನ ಚಿತ್ರದಲ್ಲಿ ನಡುಗುವ ಬೆಳಕಾಗಿ ಕಾಣಿಸುತ್ತದೆ.

ವೇಷದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಹಳೆಯ ಹಾಸಿಗೆಯ ಸ್ಪಂಜು, ಗೋಣಿಚೀಲ ಮತ್ತು ಅಂಟು ಸಾಕು. ಕಣ್ಣಿನ ರಂಧ್ರಗಳನ್ನು ಮೃಗದ ಮುಖದಲ್ಲಿ ಕೊರೆಯದೆ ಕುತ್ತಿಗೆಯಲ್ಲಿ ಕೊರೆದರೆ ತಲೆ ಎತ್ತರವಾಗುತ್ತದೆ. ಜಪಾನಿನ ಸಿನಿಮಾಗಳ ದೈತ್ಯಮೃಗ ಗಾಡ್ಜಿಲಾದ ವೇಷಗಳಲ್ಲಿಯೂ ಹೀಗೆಯೇ ಮಾಡುತ್ತಿದ್ದರು. ಒಳಗೆ ವಿಪರೀತ ಸೆಕೆಯಾಗುವುದರಿಂದ ಹತ್ತು ನಿಮಿಷಕ್ಕೊಮ್ಮೆ ತಲೆ ಬಿಚ್ಚಿಸಿ ನೀರು ಕುಡಿಸಬೇಕು. ರೆಡ್‌ಮನ್ ಮೃಗಗಳನ್ನು ದಿಬ್ಬದಿಂದ ಉರುಳಿಸುವುದನ್ನು ಕಂಡು ಮಕ್ಕಳು ಹಾಗೆಯೇ ಮಾಡಲು ಹೊರಡುತ್ತಾರೆ. ಉರುಳಿಸುವುದಿದ್ದರೆ ಒಳಗೆ ಹುಲ್ಲು ತುಂಬಿದ ಖಾಲಿ ವೇಷವನ್ನೇ ಉರುಳಿಸಬೇಕು.

ಧ್ವನಿಯನ್ನು ಕೊನೆಗೆ ಸೇರಿಸಬೇಕು. 1954ರ ಗಾಡ್ಜಿಲಾದ ಕೂಗನ್ನು ಸಂಗೀತಗಾರ ಅಕಿರಾ ಇಫುಕುಬೆಯವರು ಡಬಲ್ ಬಾಸ್ ವಾದ್ಯದ ಸಡಿಲಗೊಳಿಸಿದ ತಂತಿಯನ್ನು ರಾಳ ಸವರಿದ ಕೈಗವಸಿನಿಂದ ಉಜ್ಜಿ, ಆ ದನಿಯನ್ನು ನಿಧಾನಗೊಳಿಸಿ ರೂಪಿಸಿದರು. ನಾವು ಎಣ್ಣೆ ಕಾಣದ ಬಾಗಿಲ ಕೀಲಿನ ಕಿರುಗುಟ್ಟನ್ನು ರೆಕಾರ್ಡು ಮಾಡಿ ಅರ್ಧ ವೇಗಕ್ಕೆ ಇಳಿಸಿದರೆ ಎಲೆಕಿಂಗ್‌ನ ದೂರದ ನೆಂಟನಂಥ ದನಿಯೊಂದು ಸಿಗುತ್ತದೆ. ಎಲ್ಲೆಡೆ ಸಂಗೀತ ತುಂಬಬಾರದು. ‘ರೆಡ್‌ಮನ್’ನಲ್ಲಿ ಆಯುಧದ ಹೆಸರನ್ನು ಕೂಗಿದ ಮೇಲೆ ಬರುವ ಮೌನವೇ ನಗುವನ್ನೂ ಸ್ವಲ್ಪ ಭಯವನ್ನೂ ಹುಟ್ಟಿಸುತ್ತದೆ.

ಐದು ಪಟ್ಟು ನಿಧಾನವಾಗಿ ಓಡುವ ಚಿತ್ರದಲ್ಲಿ ಮೂರು ನಿಮಿಷದ ಕಾಳಗಕ್ಕೆ ಬೇಕಾಗುವ ನಿಜವಾದ ಕುಣಿತ ಮೂವತ್ತಾರು ಸೆಕೆಂಡಿನದು. ಅಷ್ಟನ್ನು ಆರೇಳು ತುಂಡುಗಳಾಗಿ ಚಿತ್ರಿಸಿ, ಕೊನೆಯ ತುಂಡಿನಲ್ಲಿ ವೀರನು ಕೈ ಎತ್ತಿ ನಿಂತ ಮೇಲೆ ಎರಡೆಣಿಸುವವರೆಗೂ ಅಲುಗಬಾರದೆಂದು ಮೊದಲೇ ಹೇಳಿಡಬೇಕು. ಪರದೆಯ ಮೇಲೆ ಅದು ಹತ್ತು ಸೆಕೆಂಡು ಇರುತ್ತದೆ, ಅಷ್ಟರಲ್ಲಿ ಧೂಳೂ ಇಳಿದಿರುತ್ತದೆ.