ದರಕಿನ ಮೇಲೆ ಬಿಳಿ ಬಟ್ಟೆ ಎಳೆಯುತ್ತಾ

ಮಂಗನ ಕಾಯಿಲೆ ಉಣುಗು (ಉಣ್ಣೆ) ಕಚ್ಚಿ ಬರುವ ವೈರಸ್ ಜ್ವರ. ಅದು ಬರುವ ಕಾಡಿನಲ್ಲಿ ಉಣುಗು ಹಿಡಿಯುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತಲಿನ ಕಾಡು. ಬೇಕಾದ ಸಾಮಾನು ಕಡಿಮೆ. ಮೀಟರ್ ಉದ್ದದ ಬಿಳಿ ಫ್ಲಾನೆಲ್ ಬಟ್ಟೆ, ಅದಕ್ಕೊಂದು ಕೋಲು, ಹಗ್ಗ, ಚಿಮಟ, ಬಾಯಿಗೆ ಹತ್ತಿ ತುರುಕಿದ ಸಣ್ಣ ಶೀಶೆಗಳು. ಬಟ್ಟೆಯನ್ನು ದರಕಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಹಾಸಿ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು ಮಗುಚಿ ನೋಡಬೇಕು.

ಬೆಳಿಗ್ಗೆ ತೀರಾ ಬೇಗ ಹೋದರೆ ಪ್ರಯೋಜನವಿಲ್ಲ. ಇಬ್ಬನಿಗೆ ಬಟ್ಟೆ ಒದ್ದೆಯಾದರೆ ಉಣುಗು ಹತ್ತುವುದಿಲ್ಲ. ಬಿಸಿಲು ಸ್ವಲ್ಪ ಏರಿ ಎಲೆ ಒಣಗಿದ ಮೇಲೆ ಶುರು ಮಾಡಬೇಕು. ಮೊದಲ ದಿನ ನನಗೆ ಏನೂ ಕಾಣಲೇ ಇಲ್ಲ. ಬಟ್ಟೆ ಮೇಲೆ ಬರೀ ಮಣ್ಣು, ಎಲೆ ಚೂರು ಅಂದುಕೊಂಡೆ. ಜೊತೆಗಿದ್ದ ಹಿರಿಯರು ಬೆರಳು ತೋರಿಸಿ, 'ಸುಮ್ನೆ ನೋಡ್ತಾ ಇರು, ನಡೆಯುತ್ತೆ' ಅಂದರು. ಎಳ್ಳಿಗಿಂತ ಚಿಕ್ಕದೊಂದು ಕಂದು ಚುಕ್ಕೆ ಮೆಲ್ಲಗೆ ಕಾಲು ಚಾಚಿತು. ಆಮೇಲೆ ಇನ್ನೊಂದು. ಆ ಒಂದು ಬಟ್ಟೆಯಲ್ಲೇ 17 ಇದ್ದವು. ಅದೇ ದರಕಿನ ಮೇಲೆ ನಾನು ಆಗಷ್ಟೇ ಕೂತು ಎದ್ದಿದ್ದೆ.

ಜನ ಉಣುಗು ಅಂದ ಕೂಡಲೇ ದನದ ಕಿವಿಯಲ್ಲಿ ರಕ್ತ ಕುಡಿದು ಉಬ್ಬಿದ ದೊಡ್ಡದನ್ನು ನೆನೆಯುತ್ತಾರೆ. ನಮಗೆ ಕಾಯಿಲೆ ತರುವುದು ಹೆಚ್ಚಾಗಿ ಅದಲ್ಲ, ಈ ಮರಿ. ಇದರ ಬದುಕು ಮೂರು ಹಂತದ್ದು, ಹಂತಕ್ಕೊಂದು ರಕ್ತದ ಊಟ. ಮಳೆ ಮುಗಿದ ಮೇಲೆ ಮೊಟ್ಟೆಯಿಂದ ಬರುವ ಆರು ಕಾಲಿನ ಮರಿ ಇಲಿ, ಮೂಗಿಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದಕ್ಕೆ ಹತ್ತುತ್ತದೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಗೂ ಬರುತ್ತದೆ. ಅದು ಪೊರೆ ಕಳಚಿ ಎಂಟು ಕಾಲಿನ ಮರಿಯಾದಾಗ ವೈರಸ್ ಒಳಗೇ ಉಳಿದಿರುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಎಂಟು ಕಾಲಿನದು. ದೊಡ್ಡದಾದ ಮೇಲೆ ದನ, ಕಾಟಿ, ಕಡವೆಯಂಥ ದೊಡ್ಡ ಪ್ರಾಣಿ ಹಿಡಿದು, ರಕ್ತ ಕುಡಿದು, ಉದುರಿ, ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನಕ್ಕೆ ಕಾಯಿಲೆ ಆಗುವುದಿಲ್ಲ. ಆದರೆ ದನ ಮೇಯುವ ಕಾಡಿನಂಚಲ್ಲಿ ಉಣುಗು ಜಾಸ್ತಿ. ನನ್ನ ಬಟ್ಟೆಯೂ ಅದನ್ನೇ ಹೇಳುತ್ತಿತ್ತು. ದಟ್ಟ ಕಾಡಿನ ನಡುವೆ ಎಷ್ಟೋ ಸಲ ಖಾಲಿ, ದನದ ಹಾದಿಯ ಪಕ್ಕದ ಲಂಟಾನ ಪೊದೆಯಲ್ಲಿ ತುಂಬಿ ತುಳುಕುತ್ತಿತ್ತು.

ನಾವು ಹುಡುಕುತ್ತಿದ್ದ ಮುಖ್ಯ ಜಾತಿಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಹಿಡಿದದ್ದನ್ನು ಜೀವಂತ ಲ್ಯಾಬ್‌ಗೆ ಮುಟ್ಟಿಸಬೇಕು. ಅಲ್ಲಿ ಜಾತಿ ಬೇರೆ ಮಾಡಿ, ಒಂದೇ ಜಾಗದ್ದನ್ನು ಗುಂಪಾಗಿ ಅರೆದು ವೈರಸ್ ಇದೆಯಾ ನೋಡುತ್ತಾರೆ. ಶೀಶೆ ಮೇಲೆ ಜಾಗ, ತಾರೀಕು ಬರೆಯದಿದ್ದರೆ ದಿನದ ಕೆಲಸವೆಲ್ಲ ನೀರುಪಾಲು.

ಕಾಯಿಲೆಯ ಹೆಸರಿನ ಬಗ್ಗೆ ನನಗೆ ಮೊದಲಿಂದಲೂ ಬೇಜಾರಿದೆ. ಮಂಗನ ಕಾಯಿಲೆ ಅಂದಾಗ ಮಂಗವೇ ಹರಡುತ್ತದೆ ಅನ್ನಿಸುತ್ತದೆ. ನಿಜವಾಗಿ ಮಂಗ ನಮಗಿಂತ ಮೊದಲು ಸಾಯುವ ಜೀವ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೆಂಪು ಮಂಗ, ಮುಸಿಯಗಳು ಒಂದರ ಹಿಂದೆ ಒಂದು ಸತ್ತಾಗ, ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದ್ದರು. ಹಳದಿ ಜ್ವರ ನಮ್ಮ ದೇಶಕ್ಕೂ ಬಂತಾ ಅಂತ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗಾಬರಿಯಾಗಿ ಬಂದರು. ಸಿಕ್ಕಿದ್ದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ವೈರಸ್‌ನ ಹತ್ತಿರದ ನೆಂಟ. ವಲಸೆ ಹಕ್ಕಿಗಳು ಅಲ್ಲಿಂದ ಹೊತ್ತು ತಂದವಾ ಅಂತ ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳಿಗೆ ಉಂಗುರ ತೊಡಿಸಿ ವರ್ಷಗಟ್ಟಲೆ ನೋಡಿತು. ಹಾಗೆ ಹೇಳಲು ಗಟ್ಟಿ ಪುರಾವೆ ಸಿಗಲಿಲ್ಲ.

ಮಂಗ ಸತ್ತು ಬಿದ್ದರೆ, ಮೈ ತಣ್ಣಗಾಗುತ್ತಿದ್ದ ಹಾಗೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಹಾಗಾಗಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಕೋಲಿನಿಂದಲೂ ಮುಟ್ಟಬೇಡಿ, ಕೂಡಲೇ ಪಂಚಾಯ್ತಿಗೋ ಆಸ್ಪತ್ರೆಗೋ ತಿಳಿಸಿ. ಸುತ್ತ 50 ಮೀಟರ್ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುವ ರೂಢಿ ಇದೆ. ತಡವಾಗಿ ಹಾಕಿದರೆ ಲಾಭ ಕಡಿಮೆ ಅಂತ ನನ್ನ ಅನಿಸಿಕೆ. ಸುದ್ದಿ ಬೇಗ ಮುಟ್ಟುವುದೇ ದೊಡ್ಡದು.

ಕಾಯಿಲೆ ಈಗ ಶಿವಮೊಗ್ಗಕ್ಕೆ ಸೀಮಿತವಲ್ಲ. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. 2018ರ ಕೊನೆಗೆ ನಮ್ಮ ಸಾಗರದ ಅರಳಗೋಡಿನಲ್ಲಿ ಬಂದಾಗ ಎಷ್ಟೋ ಮನೆಗಳಲ್ಲಿ ಸಾವಾಯಿತು. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಜನವರಿಯ ಒಂದು ದಿನ, ಕಾಡಿನಂಚಿನ ಮನೆಯ ಒಬ್ಬ ಅಜ್ಜಿ ದರಕು ಗುಡಿಸುತ್ತಿದ್ದರು. ನಾನು ಕಲಿತ ಪಾಠ ಒಪ್ಪಿಸಿದೆ. 'ಅಜ್ಜೀ, ಈ ತಿಂಗಳಲ್ಲಿ ಕಾಡಿಗೆ ಬರಬೇಡಿ, ದರಕು ತರಬೇಡಿ.' ಅವರು ಬುಟ್ಟಿ ಇಳಿಸಿ ನನ್ನ ಮುಖ ನೋಡಿದರು.

'ಎಲೆ ಉದುರೋದೇ ಈಗ ತಮ್ಮಾ. ಮತ್ಯಾವಾಗ ಗುಡಿಸ್ಲಿ? ಕೊಟ್ಟಿಗೆಗೆ ಏನ್ ಹಾಕ್ಲಿ? ತೋಟಕ್ಕೆ ಗೊಬ್ಬರ ಎಲ್ಲಿಂದ ತರ್ಲಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲೆ ಉದುರುವ ತಿಂಗಳು, ದರಕು ಗುಡಿಸುವ ತಿಂಗಳು, ಎಂಟು ಕಾಲಿನ ಮರಿ ಕಾಯುತ್ತಾ ಕೂರುವ ತಿಂಗಳು, ಮೂರೂ ಒಂದೇ. ಡಿಸೆಂಬರ್‌ನಿಂದ ಮೇ ತನಕ ಕಾಯಿಲೆ ಕಾಣುವುದು ಇದರಿಂದಲೇ. ಹೋಗಬೇಡಿ ಅನ್ನುವುದು ಸುಲಭ. ಹೋಗಲೇಬೇಕಾದವರಿಗೆ ಏನು ಹೇಳುತ್ತೇವೆ ಅನ್ನುವುದು ಮುಖ್ಯ, ಅಲ್ವಾ? ಹಳೆಯ ಲಸಿಕೆಯನ್ನೂ ಈಗ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆಯುತ್ತಿದೆ. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಎಚ್ಚರ.

ಅವತ್ತಿನಿಂದ ನಾನು ಮಾಡುವುದನ್ನೇ ಹೇಳತೊಡಗಿದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚುತ್ತೇನೆ, ಆಶಾ ಕಾರ್ಯಕರ್ತೆಯರು ಅದನ್ನು ಪುಕ್ಕಟೆ ಕೊಡುತ್ತಾರೆ. ತಿಳಿ ಬಣ್ಣದ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ದರಕಿನ ಮೇಲೆ ಕೂರುವುದಿಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು, ಬಿಸಿನೀರು. ಕಂಕುಳು, ಸೊಂಟ, ಮಂಡಿಯ ಹಿಂದೆ ಬೆರಳಾಡಿಸಿ ನೋಡುತ್ತೇನೆ. ಒಂದು ರಾತ್ರಿ ಮಂಡಿ ಹಿಂದೆ ಒಂದು ಸಿಕ್ಕೇಬಿಟ್ಟಿತ್ತು. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದೆ. ಬೆರಳಲ್ಲಿ ಹಿಸುಕಲಿಲ್ಲ. ಆಮೇಲೆ ಹತ್ತು ದಿನ ಬೆಳಿಗ್ಗೆ ಎದ್ದ ಕೂಡಲೇ ಹಣೆ ಮುಟ್ಟಿಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿಯುವ ನೋವು, ಸೊಂಟ ಕಾಲು ಮುರಿದಂತೆ ಆದರೆ ತಡ ಮಾಡಬೇಡಿ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಕೇಳದೆ ಇರುವವರೂ ಇದ್ದಾರೆ. ನನ್ನ ಜೊತೆಗಾರನ ಜ್ವರವನ್ನು ಒಂದು ಕಡೆ ನಾಲ್ಕು ದಿನ ಬೇರೆ ಜ್ವರ ಅಂತಲೇ ನೋಡಿದ್ದರು.

ಮಾರನೇ ವಾರ ಆ ಅಜ್ಜಿಯ ಜೊತೆಗೇ ಬಟ್ಟೆ ಎಳೆದೆ. ಅವರು ಯಾವಾಗಲೂ ಗುಡಿಸುವ ದನದ ಹಾದಿಯ ಪಕ್ಕದಲ್ಲಿ ಮೊದಲು, ಮೇಲಿನ ದಿಬ್ಬದಲ್ಲಿ ಆಮೇಲೆ. ಬಟ್ಟೆಯನ್ನು ಅವರ ಮುಂದೆ ಹಿಡಿದೆ. ಹಾದಿಯ ಪಕ್ಕದ್ದರಲ್ಲಿ ಮರಿಗಳು ಹರಿದಾಡುತ್ತಿದ್ದವು. ದಿಬ್ಬದ್ದರಲ್ಲಿ ಒಂದೇ ಒಂದು. ಅವರು ಕಣ್ಣು ಕಿರಿದು ಮಾಡಿ ತುಂಬಾ ಹೊತ್ತು ನೋಡಿದರು. 'ಇಷ್ಟು ಸಣ್ಣದಾ?' ಅಂದರು. ಆಮೇಲೆ ಬುಟ್ಟಿ ಎತ್ತಿಕೊಂಡು ದಿಬ್ಬದ ಕಡೆ ನಡೆದರು. ಕಾಲಿಗೆ ಹಚ್ಚಿದ್ದ ಎಣ್ಣೆ ಬಿಸಿಲಿಗೆ ಹೊಳೆಯುತ್ತಿತ್ತು.