ಶುಕ್ರವಾರದಿಂದ ಸೋಮವಾರದವರೆಗೆ ಏಳು ಹೊತ್ತು

ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಓದುವ ಬಡ ಮನೆಯ ಮಗುವಿಗೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಶಾಲೆಯಲ್ಲೇ ಸಿಗುತ್ತವೆ. ಶುಕ್ರವಾರ ಮಧ್ಯಾಹ್ನ ಉಂಡು ಮನೆಗೆ ಹೋದರೆ, ಶಾಲೆಯ ತಿಂಡಿ ಮತ್ತೆ ಸೋಮವಾರ ಬೆಳಿಗ್ಗೆಯೇ. ನಡುವೆ ಏಳು ಹೊತ್ತು. ಆ ಏಳು ಹೊತ್ತಿಗಾಗಿ ಒಂದು ಚೀಲ ತುಂಬಿ ಕಳಿಸುವ ಕೆಲಸವನ್ನು ಒಹಾಯೊದ ಕೊಲಂಬಸ್‌ನಲ್ಲಿ ನಾವು ಕೆಲವು ವರ್ಷಗಳಿಂದ ಮಾಡುತ್ತಿದ್ದೇವೆ. ನಾವು ಅಂದರೆ ಇಲ್ಲಿರುವ ಒಂದಷ್ಟು ಕನ್ನಡದ ಮನೆಗಳು, ಜೊತೆಗೆ ಅಕ್ಕಪಕ್ಕದವರು. ಬೇರೆ ಊರಿನ ಕನ್ನಡ ಕೂಟದವರು ಹೇಗೆ ಶುರು ಮಾಡಿದಿರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

"ಅಮೆರಿಕದಲ್ಲೂ ಉಪವಾಸ ಇರೋ ಮಕ್ಕಳಿದ್ದಾರಾ?" ಊರಿನವರು ಕೇಳುವ ಮೊದಲ ಪ್ರಶ್ನೆ ಇದೇ. ಇದ್ದಾರೆ. ಅಪ್ಪ ಗೋದಾಮಿನಲ್ಲಿ ರಾತ್ರಿ ಪಾಳಿ, ಅಮ್ಮ ಹೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸ. ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಮನೆ ಬಾಡಿಗೆಗೇ ಹೋಗುತ್ತದೆ. ಸ್ನ್ಯಾಪ್ ಅನ್ನುವ ಸರ್ಕಾರಿ ಆಹಾರದ ಕಾರ್ಡು ಇದೆ, ಆದರೆ ಎಷ್ಟೋ ಮನೆಗಳಲ್ಲಿ ಅದು ತಿಂಗಳ ಕೊನೆಯವರೆಗೆ ಬರುವುದಿಲ್ಲ. ಕಾರು ಕೆಟ್ಟು ರಿಪೇರಿಗೆ ಹಾಕಿದರೆ ಆ ತಿಂಗಳು ಮೊದಲು ಕೈಹಾಕುವುದು ದಿನಸಿಯ ದುಡ್ಡಿಗೆ.

ಶಾಲೆಯ ಊಟಕ್ಕೆ ಇಲ್ಲಿ 1946ರಿಂದಲೇ ಕಾನೂನಿದೆ. ತಿಂಡಿ ಪ್ರಯೋಗವಾಗಿ ಶುರುವಾಗಿದ್ದು 1966ರಲ್ಲಿ, ಕಾಯಂ ಆಗಿದ್ದು 1975ರಲ್ಲಿ. ಶನಿವಾರ, ಭಾನುವಾರದ ಹೊಟ್ಟೆ ಮಾತ್ರ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. 1990ರ ದಶಕದಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಒಬ್ಬ ಶಾಲಾ ನರ್ಸ್ ಅದನ್ನು ಗಮನಿಸಿದರು. ಹೊಟ್ಟೆನೋವು, ತಲೆಸುತ್ತು ಅಂತ ಬರುವ ಮಕ್ಕಳಿಗೆ ಬೇಕಾದದ್ದು ಮಾತ್ರೆಯಲ್ಲ, ಊಟ ಅಂತ ಅವರಿಗೆ ಗೊತ್ತಾಯಿತು. ದಾನದ ಆಹಾರ ಕೂಡಿಸಿ ಹಂಚುವ ಅಲ್ಲಿನ ಆಹಾರ ಬ್ಯಾಂಕಿನ ಹತ್ತಿರ ಹೋಗಿ ಕೇಳಿದರು. ಹಾಗೆ ಹುಟ್ಟಿದ್ದು ಶನಿವಾರ, ಭಾನುವಾರದ ಊಟವನ್ನು ಮಗುವಿನ ಬೆನ್ನಚೀಲದಲ್ಲೇ ಕಳಿಸುವ 'ಬ್ಯಾಕ್‌ಪ್ಯಾಕ್' ಯೋಜನೆ. ಈಗ ದೇಶದ ತುಂಬಾ ಇದೆ.

ಮೊದಲ ಕೆಲಸ ಚಂದಾ ಎತ್ತುವುದು ಅಂತ ತುಂಬಾ ಜನ ತಿಳಿದಿರುತ್ತಾರೆ. ನಾನು ಮೊದಲು ಹೋಗಿದ್ದು ಮಕ್ಕಳ ಕಷ್ಟಸುಖ ನೋಡಿಕೊಳ್ಳುವ ಶಾಲೆಯ ಕೌನ್ಸೆಲರ್ ಹತ್ತಿರ. ಯಾವ ಮಗುವಿಗೆ ಬೇಕು ಅನ್ನುವುದು ಅವರಿಗೂ ಟೀಚರ್‌ಗಳಿಗೂ ಮಾತ್ರ ಗೊತ್ತಿರುತ್ತದೆ. ಸೋಮವಾರ ತಿಂಡಿಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುವ ಮಗು, ಶುಕ್ರವಾರ ಪಕ್ಕದವನು ಬಿಟ್ಟ ಬ್ರೆಡ್ಡನ್ನು ಜೇಬಿಗೆ ಹಾಕಿಕೊಳ್ಳುವ ಮಗು, ಇವರನ್ನು ಅವರು ದಿನಾ ನೋಡುತ್ತಿರುತ್ತಾರೆ. ಮನೆಗೆ ಒಪ್ಪಿಗೆ ಪತ್ರ ಕಳಿಸುವವರೂ ಅವರೇ. ನಮ್ಮ ಶಾಲೆಯಲ್ಲಿ ಅದು ಇಂಗ್ಲಿಷ್, ಸ್ಪ್ಯಾನಿಷ್, ಸೊಮಾಲಿ, ನೇಪಾಳಿ ನಾಲ್ಕರಲ್ಲೂ ಹೋಗುತ್ತದೆ. ನಮಗೆ ಸಿಗುವುದು ಎಷ್ಟು ಚೀಲ ಬೇಕು ಅನ್ನುವ ಸಂಖ್ಯೆ ಮಾತ್ರ. ಹೆಸರು ಹೇಳಲು ಕಾನೂನೇ ಬಿಡುವುದಿಲ್ಲ. ಕಾನೂನು ಬಿಟ್ಟರೂ ನಾನು ಕೇಳುತ್ತಿರಲಿಲ್ಲ. ಆ ಮಗು ನನ್ನ ಮಗಳ ಬೆಂಚಿನಲ್ಲೇ ಕೂತಿರಬಹುದು, ಅಲ್ವಾ?

ಇನ್ನು ಚೀಲದೊಳಗೆ ಏನು ಹಾಕಬೇಕು ಅನ್ನುವುದು. ನಾವು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಎಂಟು ವರ್ಷದ ಮಗು, ಮನೆಯಲ್ಲಿ ದೊಡ್ಡವರಿಲ್ಲದ ಹೊತ್ತಿನಲ್ಲಿ, ತಾನೇ ತೆರೆದು ತಾನೇ ತಿನ್ನುವ ಹಾಗಿರಬೇಕು. ಒಂದೊಂದು ಪೊಟ್ಟಣವನ್ನೂ ಈ ಪರೀಕ್ಷೆಗೆ ಒಡ್ಡುತ್ತೇವೆ. ಒಲೆ ಹಚ್ಚುವ ಹಾಗಿಲ್ಲ. ಚಾಕು ಬೇಕಾಗಬಾರದು. ಡಬ್ಬ ಅಂದರೆ ಉಂಗುರ ಎಳೆದರೆ ತೆರೆಯುವ ಡಬ್ಬವೇ ಆಗಬೇಕು, ಡಬ್ಬ ಕೊರೆಯುವ ಸಾಧನ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಕೆಲವು ಕುಟುಂಬಗಳು ಮೋಟೆಲಿನ ಒಂದೇ ಕೋಣೆಯಲ್ಲಿ ವಾಸ ಇರುತ್ತವೆ. ಅಲ್ಲಿ ಮೈಕ್ರೋವೇವ್ ಇದ್ದರೆ ಪುಣ್ಯ. ಹಾಗಾಗಿ ಮೈಕ್ರೋವೇವ್ ಬೇಕಾಗುವ ಮೆಕರೋನಿ ಕಪ್ ಹಾಕಿದರೂ, ಹಾಗೇ ತಿನ್ನಬಹುದಾದ್ದು ಅದಕ್ಕಿಂತ ಜಾಸ್ತಿ ಇರುವಂತೆ ನೋಡಿಕೊಳ್ಳುತ್ತೇವೆ. ಫ್ರಿಜ್ ಬೇಡದ ಹಾಲಿನ ಪುಟ್ಟ ಡಬ್ಬಿಗಳು, ಸೀರಿಯಲ್ ಕಪ್, ನಲ್ಲಿಯ ಬಿಸಿನೀರಲ್ಲೇ ನೆನೆಯುವ ಓಟ್ಸ್, ಹಣ್ಣಿನ ಕಪ್, ಬೇಯಿಸಿದ ಹುರುಳಿಕಾಯಿ ಬೀಜದ ಡಬ್ಬ, ಮೀನಿನ ಪೊಟ್ಟಣ, ಬಿಸ್ಕತ್ತು. ಕಡಲೆಕಾಯಿ ಬೆಣ್ಣೆ ಅಗ್ಗ, ಹೊಟ್ಟೆಯೂ ತುಂಬುತ್ತದೆ. ಆದರೆ ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿರುವುದರಿಂದ ನಮ್ಮ ಶಾಲೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ಬದಲಿಗೆ ಸೂರ್ಯಕಾಂತಿ ಬೀಜದ ಬೆಣ್ಣೆ ಕೊಳ್ಳುತ್ತೇವೆ. ದುಬಾರಿ, ಆದರೂ ಸರಿ.

ಕೊಲಂಬಸ್‌ನಲ್ಲಿ ಸೊಮಾಲಿಯದಿಂದ ಬಂದವರೂ, ಭೂತಾನ್ ಬಿಟ್ಟು ಬಂದ ನೇಪಾಳಿ ಮಾತಾಡುವ ಜನರೂ ತುಂಬಾ ಇದ್ದಾರೆ. ಒಬ್ಬರಿಗೆ ಹಂದಿ ಆಗದು, ಇನ್ನೊಬ್ಬರಲ್ಲಿ ಎಷ್ಟೋ ಮಂದಿಗೆ ದನ ಆಗದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ರಾವಿಯೋಲಿ (ಒಳಗೆ ಹೂರಣ ತುಂಬಿದ ಪಾಸ್ತಾ) ಡಬ್ಬಗಳಲ್ಲಿ ಹೆಚ್ಚಿನವು ಬೀಫ್. ಇನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಾಟಿನ್. ಮೇಲೆ ಸಕ್ಕರೆ ಬಳಿದ ಪಾಪ್ ಟಾರ್ಟ್ ಅನ್ನುವ ತಿಂಡಿಯಲ್ಲಿ ಅದಿದೆ, ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆಯ ಮಿಠಾಯಿ ಇರುವ ಸೀರಿಯಲ್‌ಗಳಲ್ಲಿ ಇದೆ, ಹಣ್ಣಿನ ಹೆಸರಲ್ಲಿ ಮಾರುವ ಎಷ್ಟೋ ಅಂಟು ಮಿಠಾಯಿಗಳಲ್ಲಿ ಇದೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಅಂಗಡಿಯಲ್ಲಿ ನಿಂತು ಪ್ರತಿ ಪೊಟ್ಟಣದ ಹಿಂಭಾಗ ಓದಿದ ಸಸ್ಯಾಹಾರಿಗಳಿಗೆ ಇದು ಬಾಯಿಪಾಠ. ಇಲ್ಲಿ ಆ ಅಭ್ಯಾಸ ನಿಜವಾಗಿ ಉಪಯೋಗಕ್ಕೆ ಬಂತು. ಬೇರೆ ಬೇರೆ ಚೀಲ ಮಾಡಿ ಇದು ಇವರದು, ಅದು ಅವರದು ಅಂತ ಗುರುತು ಹಾಕುವ ಬದಲು, ಎಲ್ಲರೂ ತಿನ್ನಬಹುದಾದ ಒಂದೇ ಚೀಲ ಮಾಡಿದೆವು. ಮಾಂಸ ಬೇಡ, ಜೆಲಾಟಿನ್ ಬೇಡ, ಮೀನಿನ ಪೊಟ್ಟಣ ಒಂದು. ಅದು ಬೇಡದ ಮನೆಯವರು ಪಕ್ಕಕ್ಕಿಟ್ಟರೂ ಏಳು ಹೊತ್ತಿಗೆ ಕೊರತೆ ಆಗದಷ್ಟು ಉಳಿದದ್ದು ಇರುತ್ತದೆ.

ನಮ್ಮವರೊಬ್ಬರು ಕಪ್ಪಿನಲ್ಲಿ ಬರುವ ಉಪ್ಪಿಟ್ಟು ಹಾಕೋಣ ಅಂದರು. ನಾನು ಬೇಡ ಅಂದೆ. ಹಸಿದ ಮಗು ಒಬ್ಬಂಟಿ ಕೂತಿರುವಾಗ ಗೊತ್ತಿಲ್ಲದ ರುಚಿಯನ್ನು ಮುಂದಿಡಬಾರದು. ಅದು ನಮ್ಮ ಖುಷಿಗೆ ಕೊಟ್ಟ ಹಾಗಾಗುತ್ತದೆ.

ಆರು ತಿಂಗಳಿಗೆ ಅಂತ ಬಂದಿದ್ದ ನಮ್ಮತ್ತೆ ತುಮಕೂರಿನವರು, ಸಿದ್ಧಗಂಗೆಯ ದಾಸೋಹ ನೋಡಿ ಬೆಳೆದವರು. ಮೊದಲ ಸಲ ಈ ಡಬ್ಬಗಳನ್ನು ಕಂಡು ಅವರಿಗೆ ಬೇಜಾರಾಯಿತು. "ಇದೇನಮ್ಮಾ, ಮಕ್ಕಳಿಗೆ ತಣ್ಣಗಿರೋದನ್ನ ಕಟ್ಟಿ ಕಳಿಸ್ತೀರಲ್ಲ? ಒಂದು ಕೊಳದಪ್ಪಲೆ ಅನ್ನ ಸಾರು ಮಾಡಿದ್ರೆ ಆಗಲ್ವಾ?" ಅಂದರು.

"ಶನಿವಾರ ಶಾಲೆ ಬಾಗಿಲು ಹಾಕಿರತ್ತೆ ಅತ್ತೆ. ಮಕ್ಕಳನ್ನ ಕರೆತರೋಕೆ ಬಸ್ಸೂ ಇರಲ್ಲ," ಅಂದೆ.

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಶಾಲೆಗಳಲ್ಲಿ ಬೇಯಿಸಿದ ಬಿಸಿ ಊಟವೇ ಕೊಡಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಶುರುವಾಯಿತು. ಶನಿವಾರವೂ ಬೆಳಗಿನ ಶಾಲೆ ಇರುವುದರಿಂದ ಅವತ್ತೂ ಬಿಸಿಯೂಟ ಉಂಟು. ಇಲ್ಲಿ ಶನಿವಾರ ರಜೆ. ಊಟವೇ ಮಗುವಿನ ಹಿಂದೆ ಮನೆಗೆ ಹೋಗಬೇಕು. ಇಷ್ಟು ಹೇಳಿದ ಮೇಲೆ ಅತ್ತೆ ತಾವೇ ಮೇಜಿನ ಕೊನೆಯಲ್ಲಿ ನಿಂತರು. ತುಂಬಿದ ಪ್ರತಿ ಚೀಲದ ಬಾಯಿ ಬಿಡಿಸಿ, ಹಾಲಿನ ಡಬ್ಬಿ ಎಣಿಸಿ, ಅದು ತಳದಲ್ಲಿದೆಯಾ ನೋಡಿ, ಹಗುರದ್ದು ಮೇಲೆ ಬರುವ ಹಾಗೆ ಜೋಡಿಸಿ, ಎರಡು ಗಂಟು ಹಾಕುತ್ತಿದ್ದರು. ಮಗು ಬೆನ್ನ ಮೇಲೆ ಹೊರುತ್ತದೆ, ಡಬ್ಬದ ಅಂಚು ಬೆನ್ನಿಗೆ ಚುಚ್ಚಬಾರದು ಅಂತ ಡಬ್ಬಗಳನ್ನು ಓಟ್ಸ್ ಪೊಟ್ಟಣಗಳ ನಡುವೆ ಇಡುವುದನ್ನು ಶುರು ಮಾಡಿದವರೂ ಅವರೇ. ಈಗಲೂ ಹಾಗೇ ಇಡುತ್ತೇವೆ.

ಗುರುವಾರ ಸಂಜೆ ಉದ್ದಕ್ಕೆ ಮೇಜು ಹಾಕಿ ಸಾಲಾಗಿ ತುಂಬುತ್ತೇವೆ. ಚೀಲ ಪಾರದರ್ಶಕ ಆಗಿರಬಾರದು, ಮೇಲೆ ಯಾರ ಹೆಸರೂ, ನಮ್ಮ ಕೂಟದ ಹೆಸರೂ ಇರಬಾರದು. ಶುಕ್ರವಾರ ಮಕ್ಕಳು ಆಟಕ್ಕೆ ಹೋದಾಗ ಕೌನ್ಸೆಲರ್ ಅವರವರ ಬ್ಯಾಗಿನೊಳಗೆ ಇಟ್ಟು ಬರುತ್ತಾರೆ. ಜನವರಿಯಲ್ಲಿ ಚೀಲಗಳನ್ನು ರಾತ್ರಿ ಕಾರಿನಲ್ಲಿ ಬಿಡುವ ಹಾಗಿಲ್ಲ. ಒಹಾಯೊದ ಚಳಿಗೆ ಡಬ್ಬದೊಳಗಿನ ನೀರು ಹೆಪ್ಪುಗಟ್ಟಿ ಡಬ್ಬ ಉಬ್ಬುತ್ತದೆ, ಉಬ್ಬಿದ ಡಬ್ಬ ಕೊಡುವಂತಿಲ್ಲ. ಶಾಲೆಗೆ ಇನ್ನೂ ಸೇರದ ತಮ್ಮ ತಂಗಿಯರು ಮನೆಯಲ್ಲಿದ್ದರೆ ಕೌನ್ಸೆಲರ್ ಇನ್ನೊಂದು ಚೀಲ ಹೇಳುತ್ತಾರೆ. ಇದನ್ನು ನೀವೇ ಮೊದಲು ಕೇಳಿ. ಒಂದು ಚೀಲವನ್ನು ಮೂವರು ಹಂಚಿಕೊಂಡರೆ ಯಾರ ಹೊಟ್ಟೆಯೂ ತುಂಬುವುದಿಲ್ಲ.

ದುಡ್ಡಿನ ಮಾತು ಚಿಕ್ಕದು. ನಮಗೆ ಚೀಲಕ್ಕೆ ಏಳೆಂಟು ಡಾಲರ್ ಬೀಳುತ್ತದೆ. ಶಾಲಾ ವರ್ಷ ಸುಮಾರು 36 ವಾರ. ಅಂದರೆ ಒಂದು ಮಗುವಿಗೆ ವರ್ಷಕ್ಕೆ 250ರಿಂದ 290 ಡಾಲರ್. ನಾವು ದೀಪಾವಳಿ ಕಾರ್ಯಕ್ರಮದಲ್ಲಿ ಒಂದೊಂದು ಮನೆ ಒಂದೊಂದು ಮಗುವಿನ ವರ್ಷ ವಹಿಸಿಕೊಳ್ಳಿ ಅಂತ ಕೇಳುತ್ತೇವೆ. ದಾನದ ಆಹಾರದಿಂದ ಏನಾದರೂ ಆದರೆ ಕೇಸು ಬೀಳುತ್ತದೆ ಅಂತ ಹಿಂಜರಿಯುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದ, ಎಚ್ಚರದಿಂದ ಕೊಟ್ಟವರಿಗೆ 1996ರ ಬಿಲ್ ಎಮರ್ಸನ್ ಕಾನೂನಿನ ರಕ್ಷಣೆ ಇದೆ.

ಬೇಸಿಗೆ ರಜೆ ಇನ್ನೂ ಕಷ್ಟ. ಎರಡೂವರೆ ತಿಂಗಳು ಶಾಲೆಯೇ ಇರುವುದಿಲ್ಲ. ಬರ ಬಿದ್ದ ತಾಲೂಕುಗಳಲ್ಲಿ ಬೇಸಿಗೆಯಲ್ಲೂ ಬಿಸಿಯೂಟ ಕೊಡಿ ಅಂತ ನಮ್ಮಲ್ಲಿ 2004ರಲ್ಲೇ ಕೋರ್ಟ್ ಆದೇಶ ಬಂದಿತ್ತು. ಇಲ್ಲಿ 2024ರಿಂದ ಸನ್ ಬಕ್ಸ್ ಅಂತ ಬೇಸಿಗೆಗೆ ದಿನಸಿ ಕೊಳ್ಳಲು ಮಗುವಿಗೆ 120 ಡಾಲರಿನ ಸರ್ಕಾರಿ ಕಾರ್ಡು ಬಂದಿದೆ. ಎಲ್ಲ ರಾಜ್ಯಗಳೂ ಸೇರಿಲ್ಲ, ಒಹಾಯೊ ಸೇರಿತು. ಅರ್ಜಿ ಹಾಕದೆಯೇ ಕೆಲವರಿಗೆ ಸಿಗುತ್ತದೆ, ಕೆಲವರು ಅರ್ಜಿ ಹಾಕಬೇಕು. ಆದ್ದರಿಂದ ಮೇ ತಿಂಗಳ ಚೀಲಗಳಲ್ಲಿ ನಾಲ್ಕೂ ಭಾಷೆಯಲ್ಲಿ ಅದರ ಚೀಟಿ ಇಡುತ್ತೇವೆ. ಹತ್ತಿರದ ಯಾವ ಗ್ರಂಥಾಲಯ, ಯಾವ ಪಾರ್ಕಿನಲ್ಲಿ ಮಕ್ಕಳಿಗೆ ಬೇಸಿಗೆ ಊಟ ಸಿಗುತ್ತದೆ, ಎಷ್ಟು ಗಂಟೆಗೆ ಅನ್ನುವುದೂ ಅದೇ ಚೀಟಿಯ ಹಿಂಭಾಗದಲ್ಲಿರುತ್ತದೆ. ಹೊಸದಾಗಿ ಶುರು ಮಾಡುವವರು ಆಗಸ್ಟ್‌ನಲ್ಲಿ ಶಾಲೆ ತೆರೆಯುವ ಮೊದಲೇ ಕೌನ್ಸೆಲರನ್ನು ಕಂಡು ಮಾತಾಡಿ. ಒಪ್ಪಿಗೆ ಪತ್ರಗಳು ವಾಪಸ್ ಬರುವಷ್ಟರಲ್ಲಿ ಸೆಪ್ಟೆಂಬರ್ ಆಗಿಬಿಡುತ್ತದೆ.